ಆರ್ಕಿಡ್ ಕುಂಡಕ್ಕೆ ಎಷ್ಟು ದಿನಕ್ಕೊಮ್ಮೆ ನೀರು? ದಿನಾ ಹಾಕಿದರೂ ಎಲೆ ಬಾಡುತ್ತಿದೆ

ಮುಲುಂಡ್ ಮೂರನೇ ಮಹಡಿ
ಜೂನ್ 29, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಮಾರ್ಚಿನಲ್ಲಿ ನಮ್ಮ ಮದುವೆಗೆ 25 ವರ್ಷ ತುಂಬಿದಾಗ ಮಗಳು ಬಿಳಿ ಹೂವಿನ ಫಲೆನಾಪ್ಸಿಸ್ ಆರ್ಕಿಡ್ ಗಿಡ ತಂದುಕೊಟ್ಟಳು. ಎರಡೂವರೆ ತಿಂಗಳು ಹೂ ನಿಂತಿತ್ತು. ಮನೆಗೆ ಬಂದವರೆಲ್ಲ ಪ್ಲಾಸ್ಟಿಕ್ ಇರಬೇಕು ಎಂದು ಮುಟ್ಟಿ ನೋಡಿದವರೇ. ಮೇ ಕೊನೆಗೆ ಹೂ ಉದುರಿತು, ಅದಕ್ಕೆ ಬೇಸರವಿಲ್ಲ. ಆದರೆ ಈಗ ಎಲೆಗಳು ಸುಕ್ಕುಗಟ್ಟಿ ಜೋತುಬಿದ್ದಿವೆ, ಮುಟ್ಟಿದರೆ ಹಳೆಯ ಚರ್ಮದ ಚೀಲದ ಹಾಗೆ ಮೆತ್ತಗೆ. ಐದು ಎಲೆ ಇದ್ದದ್ದು ಮೂರಾಗಿದೆ.

ತುಳಸಿಗೆ ಹಾಕುವಾಗಲೇ ದಿನಾ ಬೆಳಿಗ್ಗೆ ಇದಕ್ಕೂ ಅರ್ಧ ಚೊಂಬು ನೀರು ಹಾಕುತ್ತಿದ್ದೆ. ಎಲೆ ಬಾಡಿದ್ದು ನೋಡಿ ನೀರು ಸಾಲುತ್ತಿಲ್ಲವೇನೋ ಎಂದು ಹತ್ತು ದಿನದಿಂದ ಸಂಜೆಯೂ ಹಾಕುತ್ತಿದ್ದೇನೆ. ಇನ್ನೂ ಬಾಡುತ್ತಲೇ ಇದೆ. ಒಂದು ಗಿಡವನ್ನು ಇಷ್ಟು ನೋಡಿಕೊಂಡೂ ಕಳೆದುಕೊಳ್ಳುತ್ತಿದ್ದೇನೆ ಎಂದು ಸಂಕಟವಾಗುತ್ತಿದೆ. ಎಷ್ಟು ದಿನಕ್ಕೊಮ್ಮೆ ನೀರು ಕೊಡಬೇಕು, ದಯವಿಟ್ಟು ಯಾರಾದರೂ ಹೇಳಿ.

ಡೊಂಬಿವಲಿ ಬಾಲ್ಕನಿ
ಜೂನ್ 29, ರಾತ್ರಿ 10:05

ವಾರಕ್ಕೊಮ್ಮೆ ಸಾಕು. ನಾನು ಪ್ರತಿ ಭಾನುವಾರ ಹಾಕುತ್ತೇನೆ, ಎರಡು ವರ್ಷದಿಂದ ಗಿಡ ಚೆನ್ನಾಗಿದೆ.

ವಾಸ್ಕೊ ಕಡಲತೀರ
ಜೂನ್ 29, ರಾತ್ರಿ 10:31

ನನ್ನದು ತದ್ವಿರುದ್ಧ. ನನ್ನ ಆರ್ಕಿಡ್‌ಗೆ ದಿನಾ ನೀರು, ಏಪ್ರಿಲ್-ಮೇ ತಿಂಗಳಲ್ಲಿ ದಿನಕ್ಕೆ ಎರಡು ಸಲ. ಒಂದು ದಿನ ತಪ್ಪಿದರೆ ಬೇರು ಒಣಗಿ ಬೆಳ್ಳಗಾಗುತ್ತದೆ. ವರ್ಷಕ್ಕೆ ಎರಡು ಸಲ ನೇರಳೆ ಹೂ ಬಿಡುತ್ತದೆ. ವಾರಕ್ಕೊಮ್ಮೆ ಅಂದರೆ ಸತ್ತೇ ಹೋಗುತ್ತದೆ.

ಕೊಥ್ರೂಡ್ ಧಾರವಾಡದವ
ಜೂನ್ 29, ರಾತ್ರಿ 11:12

ನೋಡ್ರಿ, ಇಬ್ಬರೂ ಹೇಳಿದ್ದು ಖರೇನ ಇರಬಹುದು. ವಾಸ್ಕೊದವರದು ವಾಂಡಾ ಇದ್ದಂಗ ಕಾಣಸ್ತದ. ಮರದ ಬುಟ್ಟ್ಯಾಗ ತೂಗುಬಿಟ್ಟು, ಬೇರು ಗಾಳ್ಯಾಗ ಇಳಿಬಿದ್ದಿರ್ತಾವ, ಹೌದಲ್ಲರಿ? ಅದಕ್ಕ ನೀರು ಹಿಡಕೊಳ್ಳಾಕ ಸುತ್ತ ಏನೂ ಇರೂದಿಲ್ಲ. ಹಂಗಾಗಿ ದಿನಾ ಬೇಕ. ಮುಲುಂಡಿನ ಅಕ್ಕಾರದು ಫಲೆನಾಪ್ಸಿಸ್. ಆರ್ಕಿಡ್ ಅನ್ನೂದು ಒಂದು ಗಿಡದ ಹೆಸರಲ್ಲ, 25 ಸಾವಿರಕ್ಕಿಂತ ಹೆಚ್ಚು ಜಾತಿ ಇರೋ ಕುಟುಂಬ ಅದು. ‘ಆರ್ಕಿಡ್‌ಗೆ ಎಷ್ಟು ನೀರು’ ಅಂತ ಕೇಳೂದು ‘ಹಕ್ಕಿಗೆ ಎಷ್ಟು ಕಾಳು’ ಅಂತ ಕೇಳಿದಂಗ.

ಅಕ್ಕಾರ, ನಾಲ್ಕು ಮಾತು ಹೇಳ್ರಿ. ಕುಂಡ ಮಣ್ಣಿಂದೋ, ಪ್ಲಾಸ್ಟಿಕ್‌ದೋ? ಒಳಗ ಇದ್ದಿಲು-ತೊಗಟಿ ಐತೋ, ಪಾಚಿ (ಸ್ಫ್ಯಾಗ್ನಮ್ ಮಾಸ್) ತುಂಬ್ಯಾರೋ? ತಳಕ್ಕ ತೂತು ಅದಾವೇನು? ಮತ್ತ ಬೇರಿನ ಬಣ್ಣ ಏನದ? ಇವು ಗೊತ್ತಾಗದ ದಿನದ ಲೆಕ್ಕ ಹೇಳಿದ್ರ ನಾನೂ ನಿಮ್ಮ ಗಿಡ ಕೊಂದಂಗ ಆಗ್ತದ. ಅಲ್ಲೀತನಕ ಒಂದು ಹನಿ ನೀರೂ ಹಾಕಬ್ಯಾಡ್ರಿ.

ಮುಲುಂಡ್ ಮೂರನೇ ಮಹಡಿ
ಜೂನ್ 30, ಬೆಳಿಗ್ಗೆ 8:20

ಈಗಷ್ಟೇ ಎತ್ತಿ ನೋಡಿದೆ. ಹೊರಗೆ ಬಿಳಿ ಪಿಂಗಾಣಿ ಕುಂಡ, ಅದರೊಳಗೆ ಪಾರದರ್ಶಕ ಪ್ಲಾಸ್ಟಿಕ್ ಕುಂಡ. ಪ್ಲಾಸ್ಟಿಕ್ಕಿಗೆ ತೂತು ಇವೆ, ಪಿಂಗಾಣಿಗೆ ಇಲ್ಲ. ಒಳಗಿನದನ್ನು ಎತ್ತಿದಾಗ ಪಿಂಗಾಣಿಯ ತಳದಲ್ಲಿ ಎರಡು ಬೆರಳು ಎತ್ತರ ನೀರು ನಿಂತಿತ್ತು, ಬಚ್ಚಲ ಮೋರಿಯ ವಾಸನೆ. ಇಷ್ಟು ದಿನ ಒಮ್ಮೆಯೂ ಎತ್ತಿ ನೋಡಿರಲಿಲ್ಲ.

ಬೇರು ಕಂದು ಬಣ್ಣ. ಒಂದನ್ನು ಒತ್ತಿದೆ, ಮೇಲಿನ ಸಿಪ್ಪೆ ಜಾರಿ ಬಂದು ಒಳಗೆ ದಾರದಂಥದ್ದು ಮಾತ್ರ ಉಳಿಯಿತು. ಮೇಲ್ಭಾಗದಲ್ಲಿ ನಾಲ್ಕೈದು ಬೇರು ಗಟ್ಟಿ ಇವೆ, ಬೂದು-ಬಿಳಿ. ನಡುವೆ ಒದ್ದೆ ಪಾಚಿಯ ಗಟ್ಟಿ ಉಂಡೆ ಇದೆ.

ಇಷ್ಟು ನೀರಿದ್ದೂ ಎಲೆ ಯಾಕೆ ಬಾಡಿತು? ನನಗೆ ಅರ್ಥವಾಗುತ್ತಿಲ್ಲ.

ಮಾಟುಂಗಾ ಟೆರೇಸ್
ಜೂನ್ 30, ಮಧ್ಯಾಹ್ನ 2:45

ನಿಮ್ಮ ಕೊನೆಯ ಪ್ರಶ್ನೆಯಲ್ಲೇ ಎಲ್ಲ ಉಂಟು. ಎಲೆ ಬಾಡುವುದು ನೀರು ಕಡಿಮೆಯಾದರೂ ಸರಿ, ಹೆಚ್ಚಾದರೂ ಸರಿ. ಹೆಚ್ಚಾದಾಗ ಬೇರು ಕೊಳೆಯುತ್ತದೆ. ಬೇರಿಲ್ಲದ ಗಿಡ ನೀರಿನ ನಡುವೆ ನಿಂತೇ ಬಾಯಾರಿ ಸಾಯುತ್ತದೆ. ಎಲೆ ನೋಡಿ ನೀರು ಹಾಕಿದವರು ಹತ್ತರಲ್ಲಿ ಒಂಬತ್ತು ಸಲ ಇನ್ನಷ್ಟು ಕೊಳೆಸುತ್ತಾರೆ. ನೀವು ಮಾಡಿದ್ದೂ ಅದೇ, ಯಾರಾದರೂ ಮಾಡುವುದು ಅದೇ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ನಾನು ಇಲ್ಲಿ 20 ವರ್ಷದಿಂದ ಆರ್ಕಿಡ್ ಬೆಳೆಸುತ್ತಿದ್ದೇನೆ, ಊರು ಕಾರ್ಕಳ. ಬೇರಿನ ಬಗ್ಗೆ ಸ್ವಲ್ಪ ಉದ್ದ ಹೇಳುತ್ತೇನೆ, ಅದು ತಿಳಿದರೆ ಆಮೇಲೆ ದಿನದ ಲೆಕ್ಕ ನೀವೇ ಹಾಕಿಕೊಳ್ಳುತ್ತೀರಿ.

ಫಲೆನಾಪ್ಸಿಸ್ ಮಣ್ಣಿನ ಗಿಡವೇ ಅಲ್ಲ. ಫಿಲಿಪ್ಪೀನ್ಸ್, ಇಂಡೋನೇಷ್ಯಾ, ತೈವಾನ್ ಕಡೆಯ ಕಾಡುಗಳಲ್ಲಿ ಮರದ ಮೇಲೆ ಕೂತು ಬದುಕುವಂಥದ್ದು. ಅದರ ಬೇರಿನ ಸುತ್ತ ವೆಲಮೆನ್ ಎಂಬ ಹೊದಿಕೆ ಉಂಟು. ಸತ್ತ ಜೀವಕೋಶಗಳ ಕೆಲವು ಪದರ, ಒಳಗೆ ಟೊಳ್ಳು, ಸ್ಪಂಜಿನ ಹಾಗೆ. ಒಣಗಿದ್ದಾಗ ಒಳಗೆಲ್ಲ ಗಾಳಿ ತುಂಬಿರುತ್ತದೆ, ಅದಕ್ಕೇ ಬೆಳ್ಳಿಯ ಹಾಗೆ ಬೂದುಬಿಳಿ ಕಾಣುವುದು. ನೀರು ಬಿದ್ದರೆ ನೋಡನೋಡುತ್ತ ಹೀರಿಕೊಂಡು ಪಾರದರ್ಶಕವಾಗುತ್ತದೆ, ಒಳಗಿನ ಹಸಿರು ಹೊರಗೆ ಕಾಣುತ್ತದೆ. ಮರದ ಮೇಲೆ ಮಳೆ ಬಂದು ನಿಂತ ಮೇಲೆ ಗಾಳಿ ಬೀಸುತ್ತದೆ, ಬೇರು ಒಣಗುತ್ತದೆ. ಮತ್ತೆ ಮಳೆ. ನೆನೆಯುವುದು, ಒಣಗುವುದು, ಎರಡೂ ಅದಕ್ಕೆ ಬೇಕು. ಆ ಸ್ಪಂಜು ಸದಾ ಒದ್ದೆ ಇದ್ದರೆ ಒಳಗಿನ ಜೀವಂತ ಬೇರಿಗೆ ಗಾಳಿ ಸಿಗುವುದಿಲ್ಲ, ಉಸಿರು ಕಟ್ಟಿ ಕೊಳೆಯುತ್ತದೆ.

ಹಾಗಾಗಿ ಪಾರದರ್ಶಕ ಕುಂಡ ಬರೀ ಚಂದಕ್ಕಲ್ಲ. ಗೋಡೆಗೆ ಅಂಟಿದ ಬೇರು ಹಸಿರು ಇದ್ದರೆ, ಒಳಗೋಡೆಯಲ್ಲಿ ಬೆವರಿನ ಹನಿ ಇದ್ದರೆ ನೀರು ಬೇಡ. ಬೇರು ಬೆಳ್ಳಿಯಾಗಿ, ಹನಿ ಮಾಯವಾದ ಮೇಲೆ ಕೊಡಿ.

ಈಗ ನಿಮ್ಮ ಗಿಡಕ್ಕೆ ಮಾಡಬೇಕಾದದ್ದು. ಕುಂಡದಿಂದ ಹೊರಗೆ ತೆಗೆದು ಆ ಪಾಚಿ ಉಂಡೆಯನ್ನು ಪೂರ್ತಿ ಬಿಡಿಸಿ. ಹಲವು ಗಿಡಗಳಿಗೆ ಅದರ ನಡುವೆ ಸಸಿಯಾಗಿದ್ದಾಗಿನ ಸಣ್ಣ ಜಾಳಿಗೆ ಕಪ್ ಇನ್ನೂ ಇರುತ್ತದೆ, ಅದನ್ನೂ ಕತ್ತರಿಸಿ ತೆಗೆಯಿರಿ. ಮೇಲಿನ ಪಾಚಿ ಒಣಗಿ ಗರಿಗರಿ ಆದರೂ ಆ ಉಂಡೆ ಒಳಗೆ ವಾರಗಟ್ಟಲೆ ಹಸಿ ಇರುತ್ತದೆ, ಮೋಸ ಆಗುವುದು ಅಲ್ಲೇ. ಕತ್ತರಿಯನ್ನು ಬೆಂಕಿಗೆ ಹಿಡಿದು ಅಥವಾ ಸ್ಪಿರಿಟ್‌ನಲ್ಲಿ ಒರೆಸಿ, ಮೆತ್ತಗಾದ ಬೇರೆಲ್ಲ ಕತ್ತರಿಸಿ. ಗಟ್ಟಿ ಇರುವುದನ್ನು ಮುಟ್ಟಬೇಡಿ, ಬಣ್ಣ ಹೇಗೇ ಇರಲಿ. ಕತ್ತರಿಸಿದ ಬಾಯಿಗೆ ಮಾತ್ರ ದಾಲ್ಚಿನ್ನಿ ಪುಡಿ ತುಸು ಹಚ್ಚಿ. ಇಡೀ ಬೇರಿಗೆ ಉದುರಿಸಬೇಡಿ, ಅದು ಒಳ್ಳೆ ಬೇರನ್ನೂ ಒಣಗಿಸುತ್ತದೆ. ಒಂದು ದಿನ ನೆರಳಲ್ಲಿ, ಗಾಳಿಯಾಡುವ ಕಡೆ ಹಾಗೇ ಇಡಿ. ಆಮೇಲೆ ಪಕ್ಕದಲ್ಲೂ ತೂತಿರುವ ಸಣ್ಣ ಮಣ್ಣಿನ ಕುಂಡದಲ್ಲಿ ಇದ್ದಿಲಿನ ತುಂಡು ತುಂಬಿ ಕೂರಿಸಿ. ಸಣ್ಣ ಕುಂಡ, ಮರೆಯಬೇಡಿ. ನಾಲ್ಕು ಬೇರಿಗೆ ದೊಡ್ಡ ಕುಂಡ ಕೊಟ್ಟರೆ ಒಣಗುವುದೇ ಇಲ್ಲ.

ಡೊಂಬಿವಲಿ ಬಾಲ್ಕನಿ
ಜೂನ್ 30, ಸಂಜೆ 7:10

ನಾನು ವಾರಕ್ಕೊಮ್ಮೆ ಎಂದದ್ದು ಅವಸರದ ಮಾತಾಯಿತು. ನನ್ನದು ಪಾಚಿ ತುಂಬಿದ ಪ್ಲಾಸ್ಟಿಕ್ ಕುಂಡ, ಒಳಕೋಣೆಯ ಕಿಟಕಿ, ಹೆಚ್ಚು ಗಾಳಿಯಿಲ್ಲ. ಅದಕ್ಕೇ ವಾರ ತಡೆಯುತ್ತದೆ ಎಂದು ಈಗ ಹೊಳೆಯುತ್ತಿದೆ.

ಒಂದು ಪ್ರಶ್ನೆ. ಐಸ್ ತುಂಡು ಇಡುವ ವಿಡಿಯೋ ಎಲ್ಲ ಕಡೆ ಓಡಾಡುತ್ತಿದೆ. ವಾರಕ್ಕೆ ಮೂರು ತುಂಡು, ಮತ್ತೇನೂ ಬೇಡವಂತೆ. ನಿಜವಾ?

ಕೊಥ್ರೂಡ್ ಧಾರವಾಡದವ
ಜೂನ್ 30, ರಾತ್ರಿ 8:30

ಅದು ಪೂರಾ ಸುಳ್ಳಲ್ಲ. 2017ರಾಗ ಅಮೆರಿಕಾದ ಓಹಾಯೋ ಸ್ಟೇಟ್ ಮತ್ತ ಜಾರ್ಜಿಯಾ ವಿಶ್ವವಿದ್ಯಾಲಯದವರು ಇದನ್ನ ಪರೀಕ್ಷಾ ಮಾಡಿ ಬರದಾರ. ತೊಗಟ್ಯಾಗ ಬೆಳೆದ ಫಲೆನಾಪ್ಸಿಸ್‌ಗೆ ವಾರಕ್ಕ ಮೂರು ಐಸ್ ತುಂಡು ಇಟ್ರ ಹೂವಿನ ಬಾಳಿಕೆ ಕಮ್ಮಿ ಆಗಲಿಲ್ಲ, ಬೇರೂ ಕೆಡಲಿಲ್ಲ. ಆದ್ರ ಅದು ಮನಿ ಒಳಗ, ಹೂ ಇದ್ದಾಗಿನ ಮಾತು. ಅಲ್ಲಿ ಮಂದಿ ಅಳತಿ ಮೀರಿ ನೀರು ಹಾಕೂದನ್ನ ತಡೀಲಿಕ್ಕೆ ಅದು ಒಂದು ಸುಲಭ ಅಳತಿ, ಅಷ್ಟ.

ನಮ್ಮ ಪುಣೆದಾಗ ಏಪ್ರಿಲ್ ಮಧ್ಯಾಹ್ನ 40 ಡಿಗ್ರಿ ಹತ್ರ ಹೋಗ್ತದ, ಗಾಳ್ಯಾಗ ಪಸಿ ಇರೂದಿಲ್ಲ, ತುಟಿ ಒಡೀತಾವ. ಇದ್ದಿಲಿನ ಕುಂಡಕ್ಕ ಮೂರು ಐಸ್ ತುಂಡು ಇಟ್ರ ಬೇರು ಮುಟ್ಟೂದರಾಗ ಆರಿ ಹೋಗ್ತದ. ನನಗ ಸರಿ ಕಂಡದ್ದು ಮುಳುಗಿಸೋ ಪದ್ಧತಿ. ಬಕೆಟ್ಟಿನ್ಯಾಗ ಕುಂಡದ ಅಂಚಿನ ಮಟ ನೀರು, ಹತ್ತು-ಹದಿನೈದು ನಿಮಿಷ ಇಟ್ಟು, ಎತ್ತಿ ಪೂರಾ ಬಸೀಬೇಕು. ನಡು ಎಲಿ ಮುಳುಗಬಾರದು. ಒಂದು ಗಿಡ ಅದ್ದಿದ ನೀರಿನ್ಯಾಗ ಇನ್ನೊಂದು ಅದ್ದಬ್ಯಾಡ್ರಿ, ಒಂದರ ರೋಗ ಇನ್ನೊಂದಕ್ಕ ಹೋಗ್ತದ.

ಪೋಂಡಾ ಅಡಿಕೆತೋಟ
ಜುಲೈ 1, ಬೆಳಿಗ್ಗೆ 6:50

ನಾನು ಶಿರಸಿ ಕಡೆಯವನು, 15 ವರ್ಷದಿಂದ ಪೋಂಡಾದಲ್ಲಿ ಇದ್ದೇನೆ. ಚರ್ಚೆ ಓದಿ ಮಲೆನಾಡು ನೆನಪಾಯಿತು. ನಮ್ಮಲ್ಲಿ ಸೀತಾಳೆ ದಂಡೆ ಅಂತೀವಲ್ಲ, ಮಳೆ ಶುರುವಾಗುವ ಹೊತ್ತಿಗೆ ನರಿಬಾಲದ ಹಾಗೆ ಗುಲಾಬಿ ಗೊಂಚಲು ಇಳಿಬಿಡುವುದು, ಅದೂ ಆರ್ಕಿಡ್ಡೇ. ಮರಾಠಿಯವರು ಸೀತೇಚಿ ವೇಣಿ ಅನ್ನುತ್ತಾರೆ. ಅಸ್ಸಾಮಿನಲ್ಲಿ ಅದು ಕೊಪೌ ಫುಲ್, ಆ ರಾಜ್ಯದ ಹೂವು. ಅಜ್ಜಿ ಮಾತ್ರ ಇದನ್ನೂ ಬದನಿಕೆ ಎಂದು ಮಾವಿನ ಮರದಿಂದ ಕೀಳಿಸುತ್ತಿದ್ದಳು. ಬದನಿಕೆ ಬೇರೆ, ಅದು ಮರದ ರಸ ಹೀರುತ್ತದೆ. ಸೀತಾಳೆ ಮರದಿಂದ ಏನೂ ಕದಿಯುವುದಿಲ್ಲ, ಕೂರಲಿಕ್ಕೆ ಜಾಗ ಕೇಳುತ್ತದೆ ಅಷ್ಟೇ.

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದು ಗೋವಾದಲ್ಲಿ ಸಿಕ್ಕಾಪಟ್ಟೆ ಮರ ಬಿದ್ದವು. ನಮ್ಮ ಬೇಲಿ ಪಕ್ಕದ ಹಳೇ ಹಲಸಿನ ಕೊಂಬೆಯೊಂದು ಮುರಿದು ಬಿದ್ದಿತ್ತು, ಮೇಲೆ ಒಂದು ಸೀತಾಳೆ. ಕೊಂಬೆ ಸಮೇತ ತಂದು ಅಡಿಕೆ ಮರಕ್ಕೆ ಕಟ್ಟಿದೆ. ಅದಕ್ಕೆ ನಾನು ಒಂದು ದಿನವೂ ಲೆಕ್ಕ ಹಾಕಿ ನೀರು ಕೊಟ್ಟಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಮಳೆ ಕೊಡುತ್ತದೆ, ಚಳಿಗಾಲದಲ್ಲಿ ಇಬ್ಬನಿ. ಮಾರ್ಚ್ ನಂತರ ಮಾತ್ರ ಬೆಳಿಗ್ಗೆ ತೋಟಕ್ಕೆ ಬಿಡುವ ಪೈಪನ್ನು ಒಮ್ಮೆ ಅದರ ಮೇಲೂ ಹಾಯಿಸುತ್ತೇನೆ. ದಿನಕ್ಕೆ ಎರಡು ಸಲ ಸುರಿಯುವ ಗೋವಾ ಮಳೆಯಲ್ಲಿ ನಾಲ್ಕು ತಿಂಗಳು ನೆಂದರೂ ಅದು ಕೊಳೆಯುವುದಿಲ್ಲ, ಯಾಕೆಂದರೆ ಬೇರು ಬರೀ ತೊಗಟೆಗೆ ಅಂಟಿದೆ. ಹಾಗಾಗಿ ಕೊಲ್ಲುವುದು ನೀರಲ್ಲ, ಗಾಳಿಯಿಲ್ಲದ ನೀರು ಎಂದು ನನ್ನ ಭಾವನೆ. (ಕಾಡಿಗೆ ಹೋಗಿ ಕೀಳಬೇಡಿ, ದಯಮಾಡಿ. ಕಾಡಿನಿಂದ ಕಿತ್ತು ತಂದು ಕುಂಡದಲ್ಲಿ ಸಾಯಿಸಿದ್ದನ್ನು ತುಂಬಾ ನೋಡಿದ್ದೇನೆ.)

ವಾಸ್ಕೊ ಕಡಲತೀರ
ಜುಲೈ 1, ಬೆಳಿಗ್ಗೆ 9:15

ಹೌದು, ನನ್ನದು ವಾಂಡಾನೇ. ಇಷ್ಟು ದಿನ ಬರೀ ಆರ್ಕಿಡ್ ಎಂದುಕೊಂಡಿದ್ದೆ. ಮಳೆಗಾಲದಲ್ಲೂ ದಿನಾ ಹಾಕುತ್ತಿದ್ದೆ, ಇವತ್ತಿನಿಂದ ನಿಲ್ಲಿಸಿದೆ.

ಮಾಟುಂಗಾ ಟೆರೇಸ್
ಜುಲೈ 1, ಮಧ್ಯಾಹ್ನ 1:30

ವಾಂಡಾ ಎಂಬ ಹೆಸರು ಬಂದದ್ದೇ ಸಂಸ್ಕೃತದಿಂದ, ಮರದ ಮೇಲೆ ಬೆಳೆಯುವ ಗಿಡಕ್ಕೆ ವಂದಾ ಎನ್ನುತ್ತಿದ್ದರು. ಬೇರು ಬಯಲಲ್ಲಿ ತೂಗಾಡುವುದರಿಂದ ಮಳೆಯಲ್ಲಿ ನೆನೆಯಲು ಬಿಡಬಹುದು. ಆದರೆ ಗಿಡದ ನೆತ್ತಿಯಲ್ಲಿ ನೀರು ನಿಂತರೆ ಅದನ್ನೂ ಕೊಳೆ ಬಿಡುವುದಿಲ್ಲ.

ನೆತ್ತಿ ಕೊಳೆ ಬಗ್ಗೆ ಮುಲುಂಡಿನವರಿಗೂ ಹೇಳಬೇಕಿತ್ತು. ಕಾಡಿನಲ್ಲಿ ಫಲೆನಾಪ್ಸಿಸ್ ಮರದ ಕಾಂಡದಿಂದ ಓರೆಯಾಗಿ ಇಳಿಬಿದ್ದಿರುತ್ತದೆ, ಎಲೆ ನಡುವಿನ ಬಟ್ಟಲಲ್ಲಿ ಬಿದ್ದ ನೀರು ಜಾರಿ ಹೋಗುತ್ತದೆ. ಕುಂಡದಲ್ಲಿ ನಾವು ಅದನ್ನು ನೆಟ್ಟಗೆ ಕೂರಿಸುತ್ತೇವೆ, ಹಾಗಾಗಿ ಬಟ್ಟಲು ತುಂಬುತ್ತದೆ. ಜುಲೈಯಲ್ಲಿ ಮುಂಬೈಯ ಹವೆಗೆ ಬಟ್ಟೆಯೇ ಮೂರು ದಿನಕ್ಕೆ ಒಣಗದು, ಆ ನೀರು ಎಲ್ಲಿ ಒಣಗೀತು? ನಾನು ತುಸು ವಾಲಿಸಿಯೇ ಕೂರಿಸುತ್ತೇನೆ, ನೀರು ಬಿದ್ದರೆ ಟಿಶ್ಯೂ ಕಾಗದದ ಮೂಲೆಯಿಂದ ಹೀರಿಸಿಬಿಡುತ್ತೇನೆ.

ಥಾಣೆ ಘೋಡ್‌ಬಂದರ್ ರಸ್ತೆ
ಜುಲೈ 1, ರಾತ್ರಿ 9:50

ನೀರು ಬೆಳಿಗ್ಗೆಯೇ ಕೊಡಬೇಕು ಎನ್ನುತ್ತಾರಲ್ಲ, ಇದೇ ಕಾರಣಕ್ಕಾ? ನಾನು ಆಫೀಸಿನಿಂದ ಬಂದು ರಾತ್ರಿ ಹಾಕುವುದು. ಈ ಗಿಡಗಳು ರಾತ್ರಿ ಉಸಿರಾಡುತ್ತವೆ, ಆಗಲೇ ನೀರು ಹಾಕುವುದು ಒಳ್ಳೆಯದು ಎಂದು ಎಲ್ಲೋ ಓದಿದ್ದೆ.

ಮಾಟುಂಗಾ ಟೆರೇಸ್
ಜುಲೈ 2, ಬೆಳಿಗ್ಗೆ 11:00

ಓದಿದ್ದರಲ್ಲಿ ಅರ್ಧ ಸರಿ ಉಂಟು. ಫಲೆನಾಪ್ಸಿಸ್ ಕತ್ತಾಳೆ, ಅನಾನಸ್‌ಗಳ ಹಾಗೆ ಹಗಲಲ್ಲಿ ಎಲೆಯ ರಂಧ್ರ ಮುಚ್ಚಿಕೊಂಡು ರಾತ್ರಿ ತೆರೆಯುತ್ತದೆ. ರಾತ್ರಿ ಇಂಗಾಲದ ಡೈಆಕ್ಸೈಡ್ ಒಳಗೆ ತೆಗೆದಿಟ್ಟುಕೊಂಡು ಹಗಲಿನ ಬೆಳಕಲ್ಲಿ ಬಳಸುತ್ತದೆ. ಮರದ ಮೇಲೆ ನೀರು ಉಳಿಸಲಿಕ್ಕೆ ಕಂಡುಕೊಂಡ ದಾರಿ ಅದು. ಆದರೆ ಬೇರು ನೀರು ಕುಡಿಯಲಿಕ್ಕೆ ರಾತ್ರಿಯೇ ಆಗಬೇಕೆಂದಿಲ್ಲ. ಬೆಳಿಗ್ಗೆ ಕುಡಿದ ನೀರು ಎಲೆಯಲ್ಲೇ ಇರುತ್ತದೆ. ಬೆಳಿಗ್ಗೆ ಹಾಕಿದರೆ ಎಲೆ ಸಂದಿ ಕತ್ತಲಾಗುವ ಮೊದಲು ಒಣಗುತ್ತದೆ, ಆ ಒಂದು ಕಾರಣ ಸಾಕು. ನಿಮಗೆ ರಾತ್ರಿಯೇ ಪುರಸೊತ್ತು ಎಂದಾದರೆ ಎಲೆಗೆ ತಾಗದ ಹಾಗೆ ಬೇರಿಗೆ ಮಾತ್ರ ಕೊಟ್ಟು ಫ್ಯಾನ್ ಹಾಕಿಡಿ.

ಮುಲುಂಡ್ ಮೂರನೇ ಮಹಡಿ
ಜುಲೈ 4, ಸಂಜೆ 6:30

ನೀವು ಹೇಳಿದ ಹಾಗೆ ಮಾಡಿದೆ. ಪಾಚಿಯ ನಡುವೆ ಜಾಳಿಗೆ ಕಪ್ ಇದ್ದದ್ದು ನಿಜ! ಕತ್ತರಿಸಿ ಉಳಿದದ್ದು ಐದು ಬೇರು. ಇಸ್ತ್ರಿ ಅಂಗಡಿಯವರಿಂದ ಇದ್ದಿಲು ಕೇಳಿ ತಂದು, ತೊಳೆದು, ಹುಣಸೆ ಬೀಜಕ್ಕಿಂತ ಸ್ವಲ್ಪ ದೊಡ್ಡ ತುಂಡು ಮಾಡಿ ತುಂಬಿದ್ದೇನೆ. ಅಮ್ಮ ಊರಿನಿಂದ ಫೋನಿನಲ್ಲಿ ಅಕ್ಕಿ ತೊಳೆದ ನೀರು ಹಾಕು, ಬೇಗ ಚೇತರಿಸುತ್ತದೆ ಎನ್ನುತ್ತಿದ್ದಾರೆ. ಹಾಕಲೇ? ಎಸಿಯಿಂದ ಬರುವ ನೀರು, ಆರ್‌ಒ ಯಂತ್ರದಿಂದ ಹೊರಹೋಗುವ ನೀರು ದಿನಾ ಬಕೆಟ್‌ಗಟ್ಟಲೆ ಇರುತ್ತದೆ, ಅವು ಆಗಬಹುದೇ?

ಕೊಥ್ರೂಡ್ ಧಾರವಾಡದವ
ಜುಲೈ 4, ರಾತ್ರಿ 10:10

ಆರ್‌ಒದಿಂದ ಹೊರಗ ಬರೋ ನೀರು ಬ್ಯಾಡೇ ಬ್ಯಾಡ. ಕುಡಿಯೋ ನೀರಿನಿಂದ ತಗದ ಉಪ್ಪೆಲ್ಲ ಅದರಾಗ ಕೂತಿರ್ತದ. ಆರ್ಕಿಡ್ ಮಳಿ ನೀರಿನ ಗಿಡ, ಉಪ್ಪು ತಡಕೊಳ್ಳೂದಿಲ್ಲ, ಬೇರಿನ ತುದಿ ಕರ್ರಗಾಗ್ತದ. ಎಸಿ ನೀರಿನ್ಯಾಗ ಉಪ್ಪಿಲ್ಲ, ಹಂಗ ಕ್ಯಾಲ್ಸಿಯಂನೂ ಇಲ್ಲ. ಅಪರೂಪಕ್ಕ ಹಾಕ್ರಿ, ದಿನಾ ಅದನ್ನ ನೆಚ್ಚಬ್ಯಾಡ್ರಿ. ಅಮ್ಮಾರಿಗೆ ನನ್ನ ನಮಸ್ಕಾರ ಹೇಳ್ರಿ, ಅಕ್ಕಿ ನೀರು ಕರಿಬೇವಿಗೆ ಛಲೋ, ಇದಕ್ಕ ಬ್ಯಾಡ. ಆ ಗಂಜಿ ಇದ್ದಿಲಿಗೆ ಅಂಟಿ ಹುಳಿ ಬರ್ತದ, ಸಣ್ಣ ನೊಣ ಆಗ್ತಾವ.

ನಿಮ್ಮ ಮುಂಬೈದವರದು ಪುಣ್ಯ ರೀ. ಭಾತ್ಸಾ, ತಾನ್ಸಾ, ವೈತರಣಾ ಕೆರಿಗಳ ನೀರು, ಮೆತ್ತಗಿರ್ತದ. ನಮ್ಮಲ್ಲೂ ಖಡಕ್ವಾಸ್ಲಾದ ನಳ ಬಂದ ದಿನ ಚಿಂತಿ ಇಲ್ಲ. ಆದ್ರ ಹೊಸ ಬಡಾವಣಿಗಳಿಗೆ ಬ್ಯಾಸಗ್ಯಾಗ ಟ್ಯಾಂಕರ್, ಅದು ಬೋರ್ ನೀರು. ಕರಗಿದ ಉಪ್ಪು ಅಳಿಯೋ ಟಿಡಿಎಸ್ ಮೀಟರ್ ಹಾಕಿದ್ರ ಅಂಕಿ ಹಲವು ಪಟ್ಟು ಏರ್ತದ. ಎರಡು ವರ್ಷದ ಹಿಂದ ನಾನು ಒಂದು ಬ್ಯಾಸಗಿ ಪೂರಾ ಆ ನೀರು ಹಾಕಿ ಆರು ಡೆಂಡ್ರೋಬಿಯಂ ಆರ್ಕಿಡ್ ಕಳಕೊಂಡೆ. ಇದ್ದಿಲ ಮ್ಯಾಲೆ ಬಿಳೀ ಪುಡಿ ಕಟ್ಟಿತ್ತು, ನಾನು ಅದನ್ನ ಬೂಷ್ಟು ಅಂತ ತಿಳದು ಶಿಲೀಂಧ್ರನಾಶಕ ಹೊಡೀತಿದ್ದೆ. ಅದು ಉಪ್ಪಿತ್ತು. ಈಗ ಮಳಿಗಾಲದಾಗ ಎರಡು ಡ್ರಮ್ ಮುಚ್ಚಿ ತುಂಬಿಡತೀನಿ, ಅದು ಮುಗಿಯೂ ಮಟ ಬ್ಯಾರೆ ನೀರು ಮುಟ್ಟೂದಿಲ್ಲ. ನಿಮ್ಮಲ್ಲಿ ಕೂಡ, ತಿಂಗಳಿಗೊಮ್ಮೆ ಗೊಬ್ಬರ ಇಲ್ಲದ ಬರೀ ನೀರು ಕುಂಡದ ತುಂಬ ಧಾರಾಳ ಹರಿಸಿಬಿಡ್ರಿ, ಕೂತ ಉಪ್ಪು ತೊಳದು ಹೋಗ್ತದ.

ಪೋಂಡಾ ಅಡಿಕೆತೋಟ
ಜುಲೈ 5, ಬೆಳಿಗ್ಗೆ 7:05

ತೆಂಗಿನ ಸಿಪ್ಪೆಯ ತುಂಡು ಬಳಸುವವರಿಗೆ ಒಂದು ಮಾತು. ಅದರಲ್ಲೂ ಉಪ್ಪಿರುತ್ತದೆ, ಕರಾವಳಿಯದಾದರೆ ಹೆಚ್ಚು. ಎರಡು-ಮೂರು ದಿನ ನೆನೆಹಾಕಿ, ನೀರಿನ ಕಂದು ಬಣ್ಣ ಹೋಗುವವರೆಗೆ ಬದಲಿಸಿ. ನೀರೂ ಜಾಸ್ತಿ ಹಿಡಿಯುತ್ತದೆ. ಪುಣೆಯ ಒಣಹವೆಗೆ ಒಳ್ಳೆಯದು, ಗೋವಾದ ಮಳೆಗಾಲಕ್ಕೆ ನಾನಂತೂ ಹಾಕುವುದಿಲ್ಲ.

ಡೊಂಬಿವಲಿ ಬಾಲ್ಕನಿ
ಜುಲೈ 5, ಮಧ್ಯಾಹ್ನ 12:40

ಎಲ್ಲ ಸರಿ, ಆದರೆ ನನ್ನಂಥವರಿಗೆ ಒಂದು ಸಂಖ್ಯೆ ಬೇಕು. ಇದ್ದಿಲಿನಲ್ಲಿ ಬೇರು ಮುಚ್ಚಿಹೋದರೆ, ಮಣ್ಣಿನ ಕುಂಡವಾದರೆ, ಬಣ್ಣ ನೋಡುವುದು ಹೇಗೆ? ಅನುಭವ ಇರುವವರು ಅಂದಾಜಾದರೂ ಹೇಳಬಹುದಲ್ಲ.

ಮಾಟುಂಗಾ ಟೆರೇಸ್
ಜುಲೈ 5, ಸಂಜೆ 4:20

ಕೇಳಿದ್ದು ನ್ಯಾಯ. ಮೊದಲು ಕಾಣದ ಬೇರಿಗೆ ಉಪಾಯ. ಚೆನ್ನಾಗಿ ನೀರು ಕೊಟ್ಟು ಬಸಿದ ಮೇಲೆ ಕುಂಡ ಎತ್ತಿ, ಭಾರ ಕೈಗೆ ತಿಳಿಯಲಿ. ಮರುದಿನ ಎತ್ತಿ, ಅದರ ಮರುದಿನ ಎತ್ತಿ. ಒಂದು ದಿನ ಇದ್ದಕ್ಕಿದ್ದ ಹಾಗೆ ಹಗುರ ಎನಿಸುತ್ತದೆ, ಆವತ್ತು ನೀರಿನ ದಿನ. ಎರಡು ವಾರದಲ್ಲಿ ಕೈ ಕಲಿಯುತ್ತದೆ, ದೋಸೆ ಹಿಟ್ಟಿನ ಹದ ಕಲಿತ ಹಾಗೆ. ನಂಬಿಕೆ ಬಾರದಿದ್ದರೆ ಬಿದಿರಿನ ಕಡ್ಡಿ ಕುಂಡದ ನಡುವಿಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆದು ಕೆನ್ನೆಗೆ ತಾಗಿಸಿ. ತಣ್ಣಗೆ ಇದ್ದರೆ ಒಳಗೆ ಪಸೆ ಉಂಟು.

ಈಗ ಸಂಖ್ಯೆ. ಇದು ನನ್ನ ಟೆರೇಸ್‌ನದು: ಮಾಡಿನ ಕೆಳಗೆ, ಮಳೆ ನೇರ ಬೀಳದ ಕಡೆ, ಮಣ್ಣಿನ ಕುಂಡ, ಇದ್ದಿಲು ಮತ್ತು ತೊಗಟೆ, ಫಲೆನಾಪ್ಸಿಸ್. ಜುಲೈ-ಆಗಸ್ಟ್‌ನಲ್ಲಿ ಆರರಿಂದ ಎಂಟು ದಿನ. ಅಕ್ಟೋಬರ್ ಸೆಕೆಯಲ್ಲಿ ಎರಡು-ಮೂರು ದಿನ. ಡಿಸೆಂಬರ್-ಜನವರಿಯಲ್ಲಿ ನಾಲ್ಕು-ಐದು. ಏಪ್ರಿಲ್-ಮೇಯಲ್ಲಿ ದಿನ ಬಿಟ್ಟು ದಿನ. ಪಾಚಿಯಾದರೆ ಇದರ ದುಪ್ಪಟ್ಟು ಅಂತರ. ಒಂದೇ ಗಿಡ, ಒಂದೇ ಕುಂಡ, ಆದರೂ ವರ್ಷದಲ್ಲಿ ಎರಡು ದಿನದಿಂದ ಎಂಟು ದಿನಕ್ಕೆ ಹೋಗುತ್ತದೆ. ಭಾನುವಾರ ಎಂದು ಕ್ಯಾಲೆಂಡರ್‌ನಲ್ಲಿ ಬರೆದಿಟ್ಟರೆ ಆಗಸ್ಟ್‌ನಲ್ಲಿ ಸರಿಹೋದದ್ದು ಅಕ್ಟೋಬರ್‌ನಲ್ಲಿ ಗಿಡವನ್ನು ಒಣಗಿಸುತ್ತದೆ. ನಿಮ್ಮ ಅಂದಾಜು ಇದರಿಂದ ಶುರುವಾಗಲಿ, ಆದರೆ ಕೈ ಹೇಳಿದ್ದೇ ಕೊನೆಯ ಮಾತು.

ಕೊಥ್ರೂಡ್ ಧಾರವಾಡದವ
ಜುಲೈ 5, ರಾತ್ರಿ 9:00

ಮಾಟುಂಗಾದ ಅಕ್ಕಾರ ಮಾತಿಗೆ ಪುಣೆ ಲೆಕ್ಕ ಸೇರಸ್ತೀನಿ. ನಮ್ಮಲ್ಲಿ ಮಳಿ ಮುಂಬೈದ ಮೂರನೇ ಒಂದು ಪಾಲಿನಷ್ಟ, ಗಾಳಿ ಹೆಚ್ಚು. ಮಳಿಗಾಲದಾಗೂ ನಾಲ್ಕು ದಿನಕ್ಕ ಕುಂಡ ಹಗುರ ಆಗ್ತದ. ಚಳಿಗಾಲದ ರಾತ್ರಿ 10-12 ಡಿಗ್ರಿಗೆ ಇಳೀತದ, ಆವಾಗ ಫಲೆನಾಪ್ಸಿಸ್ ಒಳಗ ತಗೊಂಡು, ಬಿಸಲು ಏರಿದ ಮ್ಯಾಲೆ ನೀರು, ಅದೂ ತಣ್ಣಗ ಕೊರೆಯೋದಲ್ಲ.

ಡೆಂಡ್ರೋಬಿಯಂ ಇದ್ದವರು ಕೇಳ್ರಿ. ಅದರ ಕಬ್ಬಿನಂಥ ಕಾಂಡದಾಗ ನೀರು ಕೂಡಿಟ್ಟಿರ್ತದ. ಎಲಿ ಉದುರಿ ಬೋಳಾದ ಕಾಂಡ ಸತ್ತದ್ದಲ್ಲ, ಕತ್ತರಿಸಬ್ಯಾಡ್ರಿ. ನಮ್ಮ ಸಹ್ಯಾದ್ರಿಯ ಡೆಂಡ್ರೋಬಿಯಂ ಬಾರ್ಬಟುಲಂ ನೋಡ್ರಿ, ಮಳಿ ಮುಗಿದ ಮ್ಯಾಲೆ ಎಲಿ ಪೂರಾ ಉದುರಿಸಿ, ಫೆಬ್ರುವರಿ-ಮಾರ್ಚ್ ಬಿಸಲಾಗ ಬೋಳು ಕಾಂಡದ ಮ್ಯಾಲೇ ಬಿಳೀ ಹೂ ಬಿಡ್ತದ. ಅಂಥಾದ್ದಕ್ಕ ಚಳಿಗಾಲದಾಗ ಕರುಣಾದಿಂದ ನೀರು ಸುರದ್ರ ಹೂವಿನ ಬದಲು ಮರಿಗಿಡ ಹುಟ್ತಾವ. ಅಂಗಡ್ಯಾಗ ಸಿಗೋ ನೇರಳೆ-ಬಿಳಿ ಹೈಬ್ರಿಡ್ ಹಂಗಲ್ಲ, ಅವಕ್ಕ ವರ್ಷಪೂರ್ತಿ ನೀರು ಬೇಕು, ಚಳಿಗಾಲದಾಗ ಅಂತರ ಹೆಚ್ಚು ಮಾಡಿದ್ರ ಸಾಕು.

ಥಾಣೆ ಘೋಡ್‌ಬಂದರ್ ರಸ್ತೆ
ಜುಲೈ 21, ರಾತ್ರಿ 8:15

ಸೊಸೈಟಿಗೆ ಇವತ್ತು ಸೊಳ್ಳೆ ತಪಾಸಣೆಯವರು ಬಂದಿದ್ದರು. ನನ್ನ ಕುಂಡದ ತಟ್ಟೆಯಲ್ಲಿ ಲಾರ್ವಾ ಸಿಕ್ಕಿತು. ಮನೆಯಲ್ಲಿ ಚಿಕ್ಕ ಮಗುವಿದೆ, ನೋಡಿ ಜೀವ ಝಲ್ಲೆಂದಿತು. ಡೆಂಗಿ ಹರಡುವ ಸೊಳ್ಳೆ ಇಂಥ ತಿಳಿನೀರಿನಲ್ಲೇ ಮೊಟ್ಟೆಯಿಡುತ್ತದೆ. ಪಿಂಗಾಣಿ ಕುಂಡ, ತಟ್ಟೆ ಎರಡನ್ನೂ ತೆಗೆದುಬಿಟ್ಟೆ. ಎಲ್ಲರೂ ಇವತ್ತೇ ಒಮ್ಮೆ ಎತ್ತಿ ನೋಡಿ.

ಮುಲುಂಡ್ ಮೂರನೇ ಮಹಡಿ
ಆಗಸ್ಟ್ 24, ಬೆಳಿಗ್ಗೆ 10:30

ಎಂಟು ವಾರದ ಸುದ್ದಿ. ಕೆಳಗಿನ ಒಂದು ಎಲೆ ಹಳದಿಯಾಗಿ ಹೋಯಿತು, ಈಗ ಎರಡೇ ಎಲೆ. ಸುಕ್ಕು ಇನ್ನೂ ಇದೆ. ನಡುವೆ ಒಂದು ವಾರ ಕೈಬಿಟ್ಟೇ ಹೋಗಿತ್ತು ಎಂದುಕೊಂಡೆ. ಆದರೆ ಇವತ್ತು ಎಲೆಯ ಬುಡದಲ್ಲಿ ಅಕ್ಕಿಕಾಳಿನಷ್ಟು ಹಸಿರು ತುದಿ ಹೊರಬಂದಿದೆ. ಹೂವಿನ ಕಡ್ಡಿಯೋ ಬೇರೋ ತಿಳಿಯುತ್ತಿಲ್ಲ.

ಮಾಟುಂಗಾ ಟೆರೇಸ್
ಆಗಸ್ಟ್ 24, ಮಧ್ಯಾಹ್ನ 12:10

ತುದಿ ದುಂಡಗೆ, ನುಣ್ಣಗೆ ಇದ್ದರೆ ಬೇರು. ಹೂಕಡ್ಡಿಯಾದರೆ ಚಪ್ಪಟೆಯಾಗಿ ಕೈಗವಸಿನ ಬೆರಳಿನ ಹಾಗೆ ಕಾಣುತ್ತದೆ. ಈ ಹೊತ್ತಿಗೆ ಬೇರೇ ಇರಬೇಕು, ಈಗ ನಿಮಗೆ ಬೇಕಾದದ್ದೂ ಅದೇ. ಹಳೇ ಎಲೆಯ ಸುಕ್ಕು ಪೂರ್ತಿ ಹೋಗಲಿಕ್ಕಿಲ್ಲ, ಅದನ್ನು ನೋಡುತ್ತ ಕೂರಬೇಡಿ. ಬೇರು ಎರಡು ಬೆರಳು ಉದ್ದ ಆದ ಮೇಲೆ 19-19-19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿ ಇರುವುದು), ಲೀಟರಿಗೆ ಅರ್ಧ ಗ್ರಾಂ, ಅದಕ್ಕಿಂತ ಒಂದು ಚಿಟಿಕೆಯೂ ಹೆಚ್ಚಲ್ಲ. ಒಣಗಿದ ಬೇರಿಗೆ ನೇರ ಹಾಕಬೇಡಿ, ಮೊದಲು ನೀರು, ಆಮೇಲೆ ಗೊಬ್ಬರ.

ಡೊಂಬಿವಲಿ ಬಾಲ್ಕನಿ
ಅಕ್ಟೋಬರ್ 19, ರಾತ್ರಿ 9:25

ಕುಂಡ ಎತ್ತಿ ನೋಡುವ ಅಭ್ಯಾಸ ಶುರುಮಾಡಿದೆ. ಈ ಸೆಕೆಯಲ್ಲಿ ನನ್ನ ಪಾಚಿಯ ಕುಂಡವೂ ನಾಲ್ಕನೇ ದಿನಕ್ಕೇ ಹಗುರವಾಗುತ್ತಿದೆ. ಹೋದ ವರ್ಷ ಇದೇ ತಿಂಗಳಲ್ಲಿ ಮೊಗ್ಗು ಉದುರಿದ್ದು ಯಾಕೆಂದು ಈಗ ತಿಳಿಯಿತು. ಭಾನುವಾರಕ್ಕೆ ಕಾಯುತ್ತಿದ್ದೆ.

ವಾಸ್ಕೊ ಕಡಲತೀರ
ಅಕ್ಟೋಬರ್ 20, ಬೆಳಿಗ್ಗೆ 8:00

ವಾಂಡಾ ಮೂರನೇ ಸಲ ಹೂ ಬಿಟ್ಟಿದೆ. ಇಷ್ಟೇ ಹೇಳಲು ಬಂದೆ.

ಮುಲುಂಡ್ ಮೂರನೇ ಮಹಡಿ
ಫೆಬ್ರುವರಿ 11, ಬೆಳಿಗ್ಗೆ 7:45

ತಡವಾಗಿ ಬರೆಯುತ್ತಿದ್ದೇನೆ, ನಡುವೆ ಅಮ್ಮನಿಗೆ ಹುಷಾರಿರಲಿಲ್ಲ, ಊರಿನಲ್ಲಿದ್ದೆ. ನಾನಿಲ್ಲದ ಮೂರು ವಾರ ಮಗಳೇ ನೋಡಿಕೊಂಡಳು. ದಿನವಲ್ಲ, ಭಾರ ನೋಡು ಎಂದು ಹೇಳಿ ಹೋಗಿದ್ದೆ.

ಹೂ ಬಂದಿಲ್ಲ. ಡಿಸೆಂಬರಿನ ತಂಪಿಗೆ ಕಡ್ಡಿ ಬರಬಹುದೆಂದು ಕಾದಿದ್ದೆ, ಬರಲಿಲ್ಲ. ಆದರೆ ಹೊಸ ಎಲೆ ಎರಡು ಬಂದಿವೆ. ಎರಡನೆಯದು ನನ್ನ ಅಂಗೈಗಿಂತ ಉದ್ದ, ಒಂದೂ ಸುಕ್ಕಿಲ್ಲ. ಬೇರು ಈಗ ಒಂಬತ್ತು. ಒಂದು ಕುಂಡದ ಪಕ್ಕದ ತೂತಿನಿಂದ ಹೊರಗೆ ಬಂದು ಗ್ರಿಲ್ ಹಿಡಿದುಕೊಂಡಿದೆ, ಅದನ್ನು ಬಿಡಿಸಲು ಮನಸ್ಸಾಗಲಿಲ್ಲ. ನೀರು ಹಾಕಿದಾಗ ಅದು ಬೆಳ್ಳಿಯಿಂದ ಹಸಿರಿಗೆ ತಿರುಗುವುದನ್ನು ಅಮ್ಮನಿಗೆ ವಿಡಿಯೋ ಕರೆಯಲ್ಲಿ ತೋರಿಸಿದೆ. ಇನ್ನೊಮ್ಮೆ ತೋರಿಸು ಎಂದರು.

ನಿನ್ನೆ ಎತ್ತಿದಾಗ ಇನ್ನೂ ಭಾರವಿತ್ತು, ಹಾಗೇ ಬಿಟ್ಟೆ. ಇವತ್ತು ಹಗುರವಾಗಿತ್ತು. ಈಗಷ್ಟೇ ನೀರು ಕೊಟ್ಟು ಬಸಿಯಲು ಇಟ್ಟು ಬಂದಿದ್ದೇನೆ.